ಅಮೆಜಾನ್ ಕಾಡಿನ ಮಕ್ಕಳ ಬುಟ್ಟಿ: ಹಣೆಪಟ್ಟಿ ಸವೆದಿದೆ, ಯಾರದಿರಬಹುದು?

ಗುಬ್ಬಿಗೂಡು, ಮೈಸೂರು

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಎರಡು ವರ್ಷ ಬ್ರೆಜಿಲ್‌ನ ಮನೌಸ್‌ನಲ್ಲಿದ್ದೆ. ಊರಿಗೆ ಹೊರಡುವ ಹಿಂದಿನ ವಾರ ಅಲ್ಲಿನ ಹಳೇ ನಾಟಕಶಾಲೆ ಹತ್ತಿರದ ಅಂಗಡಿಯೊಂದರಲ್ಲಿ ಒಂದು ಚಿಕ್ಕ ಬುಟ್ಟಿ ಕೊಂಡೆ. ಅಲ್ಲಿನ ಕಾಡಿನ ಮೂಲನಿವಾಸಿಗಳಾದ ಯನೊಮಾಮಿ ಜನರದು, ಅವರ ಮಾತುರಾಕಾ ಅನ್ನುವ ಊರಿನ ಕಡೆಯಿಂದ ಬಂದದ್ದು, ಹೆಣ್ಣುಮಗುವಿಗೆ ಅಂತ ಮಾಡಿದ್ದು ಎಂದು ಅಂಗಡಿಯಾಕೆ ಹೇಳಿದರು. ನನಗೆ ಬರುತ್ತಿದ್ದ ಪೋರ್ಚುಗೀಸ್ ಅಷ್ಟಕ್ಕಷ್ಟೆ, ಜಾಸ್ತಿ ಕೇಳಲು ಆಗಲಿಲ್ಲ. ಮನೆಗೆ ತಂದು ಗಾಜಿನ ಬೀರುವಿನಲ್ಲಿ ಇಟ್ಟೆವು.

ಮೊನ್ನೆ ಧೂಳು ಒರೆಸಲು ಹೊರಗೆ ತೆಗೆದಾಗ ಮೊದಲ ಸಲ ಸರಿಯಾಗಿ ನೋಡಿದೆ. ಎತ್ತರ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಬಾಯಿ ಅಗಲ, ತಳ ಗುಂಡಗೆ. ಮೈಯೆಲ್ಲ ಮಾಸಿದ ಕೆಂಪು, ನಡುನಡುವೆ ಕೂದಲಿನಷ್ಟು ಸಣ್ಣ ಕಪ್ಪು ಎಳೆ. ಬಾಯಿಯ ಎರಡು ಪಕ್ಕಕ್ಕೆ ಕಟ್ಟಿದ ಒಂದು ನಾರಿನ ಪಟ್ಟಿ ಇದೆ. ಆ ಪಟ್ಟಿಯ ನಡುಭಾಗ, ಅಂದಾಜು ನಾಲ್ಕು ಬೆರಳಷ್ಟು ಜಾಗ, ಉಳಿದ ಕಡೆಗಿಂತ ಮೆತ್ತಗಿದೆ, ನುಣುಪಾಗಿ ಹೊಳೆಯುತ್ತದೆ. ತಳದ ಹೆಣಿಗೆಯೊಳಗೆ ಒಣಗಿದ ಮಣ್ಣು, ಯಾವುದೋ ಸಿಪ್ಪೆಯ ಚೂರು ಸಿಕ್ಕಿಕೊಂಡಿವೆ.

ಅಂದರೆ ಇದು ಮಾರಲೆಂದೇ ಮಾಡಿದ್ದಲ್ಲ. ಒಂದು ಮಗು ಇದನ್ನು ಹೊತ್ತಿದೆ. ಅವತ್ತಿನಿಂದ ಬೀರುವಿನ ಕಡೆ ಕಣ್ಣು ಹೋದಾಗಲೆಲ್ಲ ಏನೋ ಕಸಿವಿಸಿ. ಮಗುವಿನ ಕೈಯಿಂದ ಅದರ ವಸ್ತು ಕಿತ್ತುಕೊಂಡು ಬಂದೆನೇನೋ ಅನ್ನಿಸುತ್ತದೆ. ಈ ಬುಟ್ಟಿಗಳ ಬಗ್ಗೆ ತಿಳಿದವರು ದಯವಿಟ್ಟು ಹೇಳಿ. ಮಕ್ಕಳಿಗೆ ಯಾಕೆ ಮಾಡುತ್ತಾರೆ? ಆಟಕ್ಕಾ, ಕೆಲಸಕ್ಕಾ? ಫೋಟೋ ಹಾಕಿದ್ದೇನೆ.

ನದಿದಂಡೆ, ಧಾರವಾಡ

ಗುಬ್ಬಿಗೂಡು ಅವರೇ, ನಿಮ್ಮ ಫೋಟೋ ನೋಡಿ ಎಷ್ಟು ಖುಷಿಯಾಯಿತು ಗೊತ್ತಾ! ನಾನು ರೊರೈಮಾ ರಾಜ್ಯದ ಬೋವಾ ವಿಸ್ತಾದಲ್ಲಿ ಕೆಲವು ವರ್ಷ ಅನುವಾದದ ಕೆಲಸ ಮಾಡಿದವಳು. ಈ ಬುಟ್ಟಿಗಳ ಜೊತೆ ಸಾಕಷ್ಟು ಒಡನಾಟ ಇತ್ತು.

ಇದಕ್ಕೆ ಯನೊಮಾಮಿ ಭಾಷೆಯಲ್ಲಿ 'ವೀ' ಅನ್ನುತ್ತಾರೆ. ತಟ್ಟೆಯ ಹಾಗೆ ಚಪ್ಪಟೆಯಾಗಿರುವ ಇನ್ನೊಂದಿದೆ, ಅದು 'ಶೊತೆಹೆ', ಹಣ್ಣು-ಗೆಡ್ಡೆ ಇಡೋಕೆ. ಎರಡನ್ನೂ ಹೆಂಗಸರೇ ಹೆಣೆಯುತ್ತಾರೆ. ಅಮ್ಮಂದಿರ ವೀ ದೊಡ್ಡದು. ತೋಟದಿಂದ ಮರಗೆಣಸು, ಬಾಳೆಗೊನೆ, ಕಾಡಿನಿಂದ ಸೌದೆ ಎಲ್ಲ ಅದರಲ್ಲೇ ಬರುತ್ತದೆ. ಪಟ್ಟಿಯನ್ನು ಹಣೆಗೆ ಕೊಟ್ಟು, ಬುಟ್ಟಿಯನ್ನು ಬೆನ್ನ ಮೇಲೆ ಬಿಟ್ಟು, ಕುತ್ತಿಗೆ ಸ್ವಲ್ಪ ಮುಂದಕ್ಕೆ ಬಾಗಿಸಿ ನಡೆಯುತ್ತಾರೆ. ಟೀ ತೋಟದಲ್ಲಿ ಎಲೆ ಬಿಡಿಸುವವರು ಹಣೆಗೆ ಪಟ್ಟಿ ಹಾಕಿಕೊಳ್ಳುವುದನ್ನು ನೋಡಿರುತ್ತೀರಲ್ಲ, ಹಾಗೆ. ಎರಡೂ ಕೈ ಖಾಲಿ ಇರುತ್ತವೆ. ಒಂದು ಕೈಯಲ್ಲಿ ಮಚ್ಚು, ಪಕ್ಕಕ್ಕೆ ಜೋಳಿಗೆಯಲ್ಲಿ ಕೂಸು.

ಹೆಣ್ಣುಮಗು ನಡೆಯಲು ಕಲಿತು ಅಮ್ಮನ ಹಿಂದೆ ತೋಟಕ್ಕೆ ಹೋಗಲು ಶುರು ಮಾಡಿತು ಅಂದರೆ ಅವಳಿಗೂ ಒಂದು ಪುಟ್ಟ ವೀ ಬರುತ್ತದೆ. ಅದರಲ್ಲಿ ಎರಡು ಬಾಳೆಕಾಯಿ, ಒಂದು ಹಿಡಿ ಪುರಲೆ. ಹುಡುಗಿ ಬೆಳೆದ ಹಾಗೆ ಬುಟ್ಟಿಯೂ ದೊಡ್ಡದಾಗುತ್ತಾ ಹೋಗುತ್ತದೆ. ಆಮೇಲೆ ಒಂದು ದಿನ ಅವಳೇ ಹೆಣೆಯುತ್ತಾಳೆ. ನೀವು 'ಆಟಕ್ಕಾ ಕೆಲಸಕ್ಕಾ' ಅಂತ ಕೇಳಿದಿರಿ. ಆ ವಯಸ್ಸಿನಲ್ಲಿ ಅವಳಿಗೆ ಅವೆರಡೂ ಒಂದೇ.

ಸಿಂಬೆ, ಹಾಸನ

ನದಿದಂಡೆ ಮೇಡಂ, ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನಾನು ಏಳನೇ ವಯಸ್ಸಿಗೆ ತಲೆ ಮೇಲೆ ಸಿಂಬೆ ಇಟ್ಟು ಗೊಬ್ಬರದ ಮಂಕರಿ ಹೊತ್ತವಳು. ನನಗಾಗಿ ಯಾರೂ ಚಿಕ್ಕ ಮಂಕರಿ ಮಾಡಿಸಲಿಲ್ಲ. ದೊಡ್ಡವರದ್ದೇ ಹೊರಬೇಕಿತ್ತು, ಅರ್ಧ ತುಂಬಿಸಿದರೂ ಕತ್ತು ಹಿಡಿದುಕೊಳ್ಳುತ್ತಿತ್ತು. ಆ ನೋವು ಈಗಲೂ ಚಳಿಗಾಲದಲ್ಲಿ ಬರುತ್ತದೆ. ಅದಕ್ಕೇ ಮಕ್ಕಳು ಹೊರುವುದನ್ನು ಚಂದ ಅಂತ ಹೇಳಿದರೆ ನನಗೆ ಸುಮ್ನೆ ಇರೋಕಾಗಲ್ಲ.

ನದಿದಂಡೆ

ಅಕ್ಕ, ತಪ್ಪು ತಿಳಿಯುವ ಮಾತೇ ಇಲ್ಲ. ನಿಮ್ಮ ಮಾತಿನಲ್ಲೇ ಉತ್ತರವೂ ಇದೆ ಅನ್ನಿಸುತ್ತದೆ. ನಿಮಗೆ ದೊಡ್ಡವರ ಮಂಕರಿ ಕೊಟ್ಟರು. ಅಲ್ಲಿ ಮಗುವಿನ ಬೆನ್ನಿಗೆ ಎಷ್ಟು ಕೂರುತ್ತದೋ ಅಷ್ಟೇ ಬುಟ್ಟಿ. ಅದು ತುಂಬಿದರೆ ತುಂಬಿತು, ಅದಕ್ಕಿಂತ ಹೆಚ್ಚು ಹಾಕಲು ಜಾಗವೇ ಇಲ್ಲ. ನಾನು ಕಂಡ ಮಟ್ಟಿಗೆ, ದಾರಿಯಲ್ಲಿ ಮಗುವಿಗೆ ಸಾಕಾಗಿ ಇಳಿಸಿಬಿಟ್ಟರೆ ಅಮ್ಮ ಬೈಯುತ್ತಿರಲಿಲ್ಲ. ಅದರಲ್ಲಿದ್ದ ಎರಡು ಬಾಳೆಕಾಯಿ ತನ್ನ ಬುಟ್ಟಿಗೆ ಹಾಕಿಕೊಂಡು, ಖಾಲಿ ಬುಟ್ಟಿಯನ್ನು ಮತ್ತೆ ಮಗುವಿನ ಹಣೆಗೇ ಸಿಕ್ಕಿಸುತ್ತಿದ್ದಳು. ಬುಟ್ಟಿ ಮಾತ್ರ ಮಗುವಿನ ಹತ್ತಿರವೇ ಇರಬೇಕು.

ಅಂಗನವಾಡಿ ಟೀಚರ್, ಸಿಂಧನೂರು

ಇಪ್ಪತ್ತೆರಡು ವರ್ಷ ಚಿಕ್ಕ ಮಕ್ಕಳ ಜೊತೆ ಇದ್ದೀನಿ, ಅದಕ್ಕೇ ಹೇಳುತ್ತೀನಿ. ಮೂರು ವರ್ಷದ ಮಗುವಿಗೆ ಆಟದ ಪ್ಲಾಸ್ಟಿಕ್ ಪೊರಕೆ ಕೊಡಿ, ಎರಡು ನಿಮಿಷ ಹಿಡಿದು ಬಿಸಾಡುತ್ತದೆ. ನಿಜವಾದ ಪೊರಕೆಯನ್ನು ಅದರ ಎತ್ತರಕ್ಕೆ ಕತ್ತರಿಸಿ ಕೊಡಿ, ಕಸ ಒಂದು ಕಡೆ ಸೇರುವವರೆಗೂ ಬಿಡಲ್ಲ. ಮಗುವಿಗೆ ಬೇಕಾದ್ದು ದೊಡ್ಡವರ ಜೊತೆ ಸೇರಿಕೊಳ್ಳೋದು. ನಮ್ಮ ಕೇಂದ್ರದಲ್ಲಿ ಒಂದು ಪುಟ್ಟ ಮೊರ ಇದೆ, ಊರಿನ ಅಜ್ಜಿಯೊಬ್ಬರು ಮಾಡಿಸಿ ಕೊಟ್ಟದ್ದು. ಮಕ್ಕಳು ಜಗಳ ಆಡುವುದಿದ್ದರೆ ಅದಕ್ಕೇ.

ಸಿಂಬೆ ಅಕ್ಕ, ನಿಮ್ಮ ಮಾತು ಓದಿ ಕಣ್ಣು ತುಂಬಿ ಬಂತು. ಗೊಬ್ಬರದ ಮಂಕರಿ ಮಗುವಿನ ತಲೆ ಮೇಲೆ ಇಡುವಂಥದ್ದಲ್ಲ.

ಮೇದಾರ ಕೇರಿ

ನಾನು ಬಿದಿರ ಕೆಲಸದವನು. ಅಪ್ಪ, ತಾತ ಎಲ್ಲ ಇದೇ. ಫೋಟೋ ದೊಡ್ಡದು ಮಾಡಿ ಅರ್ಧ ಗಂಟೆ ನೋಡಿದೆ. ಕಂಡದ್ದು ಹೇಳುತ್ತೇನೆ.

ನಾವು ಬಿದಿರು ಸೀಳಿ, ದಬ್ಬೆ ಹೆರೆದು, ಒಂದರ ಮೇಲೆ ಒಂದರ ಕೆಳಗೆ ಹಾಯಿಸುತ್ತೇವೆ. ಇಲ್ಲಿ ಹಾಗಿಲ್ಲ. ತಳದಿಂದ ಬಾಯಿವರೆಗೆ ನಿಂತ ಎಳೆಗಳು ನೆಟ್ಟಗೆ ನಿಂತಿವೆ. ಅಡ್ಡ ಎಳೆ ಜೋಡಿಯಾಗಿ ಹೋಗಿವೆ, ಒಂದು ಮುಂದಿನಿಂದ, ಇನ್ನೊಂದು ಹಿಂದಿನಿಂದ. ಒಂದೊಂದು ನಿಂತ ಎಳೆ ದಾಟಿದ ಮೇಲೂ ಜೋಡಿ ಒಂದು ಸುತ್ತು ತಿರುಚಿಕೊಂಡಿದೆ, ಹಗ್ಗ ಹೊಸೆದ ಹಾಗೆ. ತಳದಿಂದ ಶುರುವಾಗಿ ಸುತ್ತುತ್ತಾ ಸುತ್ತುತ್ತಾ ಬಾಯಿಗೆ ಬಂದಿದೆ. ಹೀಗೆ ತಿರುಚಿ ಹೆಣೆದರೆ ಒಂದು ಎಳೆ ಮುರಿದರೂ ಪಕ್ಕದ್ದು ಜಾರುವುದಿಲ್ಲ. ಭಾರ ಹೊರುವ ಬುಟ್ಟಿಗೆ ಇದೇ ಸರಿ.

ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಮಕ್ಕಳಿಗೆ ಏನಾದರೂ ಮಾಡುವಾಗ ನಾವು ಉಳಿಕೆ ದಬ್ಬೆಯಲ್ಲಿ ಮಾಡಿಬಿಡುತ್ತೇವೆ. ಇದು ಉಳಿಕೆಯಲ್ಲಿ ಮಾಡಿದ್ದಲ್ಲ. ದೊಡ್ಡ ಬುಟ್ಟಿಯ ಎಳೆ ತಂದು ಇಷ್ಟು ಚಿಕ್ಕ ತಳಕ್ಕೆ ಬಗ್ಗಿಸಿದರೆ ಸೀಳಿಬಿಡುತ್ತದೆ. ಹಾಗಾಗಿ ಎಳೆಯನ್ನು ಬೇರೆಯಾಗಿ, ಇನ್ನೂ ಸಣ್ಣಗೆ ಸೀಳಿದ್ದಾರೆ. ತಳದ ಮೊದಲ ಐದಾರು ಸುತ್ತು ನೋಡಿ, ಉಗುರು ಹೋಗುವಷ್ಟೂ ಸಂದಿಲ್ಲ. ದೊಡ್ಡದಕ್ಕಿಂತ ಇದಕ್ಕೇ ಜಾಸ್ತಿ ತಾಳ್ಮೆ ಬೇಕು. ಮಾಡಿದಾಕೆ ಕೈ ಪಳಗಿದವಳು. ಅಜ್ಜಿ ಇರಬಹುದು ಅಂತ ನನ್ನ ಮನಸ್ಸು ಹೇಳುತ್ತದೆ.

ಗುಬ್ಬಿಗೂಡು

ಮೇದಾರ ಕೇರಿ ಅಣ್ಣ, ನೀವು ಹೇಳಿದ ಮೇಲೆ ಭೂತಗನ್ನಡಿ ಹಿಡಿದು ನೋಡಿದೆ. ಹೌದು, ಜೋಡಿ ಎಳೆ! ಒಂದು ಕಡೆ ಹೊಸ ಎಳೆ ಸೇರಿಸಿದ್ದಾರೆ, ಅದರ ತುದಿಯನ್ನು ಒಳಗಿನ ಸುತ್ತಿನಲ್ಲಿ ಮರೆ ಮಾಡಿದ್ದಾರೆ. ಮಗುವಿನ ಬೆನ್ನಿಗೆ ಚುಚ್ಚದಿರಲಿ ಅಂತ ಅಲ್ವಾ?

ಈ ಬಳ್ಳಿ ಯಾವುದು? ಕಪ್ಪು ಎಳೆ ಬಣ್ಣ ಹಾಕಿದ್ದಾ?

ಕಾಡುಬಳ್ಳಿ, ಶಿರಸಿ

ಬಳ್ಳಿಯ ವಿಷಯ ನಾನು ಹೇಳುತ್ತೇನೆ, ಸಸ್ಯಶಾಸ್ತ್ರ ಓದಿದವಳು.

ಬ್ರೆಜಿಲ್‌ನಲ್ಲಿ ಅದನ್ನು ಟಿಟಿಕಾ ಬಳ್ಳಿ ಅನ್ನುತ್ತಾರೆ, ಹೆಟೆರಾಪ್ಸಿಸ್ ಫ್ಲೆಕ್ಸುಒಸಾ. ನಮ್ಮ ಕೆಸು, ಸುವರ್ಣಗೆಡ್ಡೆಯ ಕುಟುಂಬಕ್ಕೇ ಸೇರಿದ್ದು. ಗಿಡ ಎತ್ತರದ ಮರದ ಮೇಲೆ ಕೂತಿರುತ್ತದೆ. ಅಲ್ಲಿಂದ ನೆಲಕ್ಕೆ ಉದ್ದುದ್ದ ಬೀಳಲು ಇಳಿಬಿಡುತ್ತದೆ, ಆಲದ ಮರದ ಹಾಗೆ, ಆದರೆ ಸಣ್ಣಗೆ, ನೆಟ್ಟಗೆ, ಕೊಂಬೆ ಇಲ್ಲದೆ. ಹೆಣೆಯುವುದು ಆ ಬೀಳಲನ್ನೇ. ಕೆಳಗೆ ನಿಂತು ಜಗ್ಗಿ ಎಳೆಯುತ್ತಾರೆ. ಬಲಿತದ್ದು ಪಟ್ ಅಂತ ಕಿತ್ತು ಬರುತ್ತದೆ. ಎಳೆಯದನ್ನು ಬಿಡಬೇಕು. ಒಂದು ಗಿಡದ ಎಲ್ಲ ಬೀಳಲನ್ನೂ ಎಳೆದರೆ ಮೇಲಿರುವ ಗಿಡ ಸಾಯುತ್ತದೆ. ಪೇಟೆಯ ಕುರ್ಚಿ-ಮೇಜು ಮಾಡಲು ಇದನ್ನೇ ಲೋಡುಗಟ್ಟಲೆ ಕಿತ್ತು ಎಷ್ಟೋ ಕಡೆ ಬರಿದು ಮಾಡಿದ್ದಾರೆ. ತಂದ ಮೇಲೆ ಸಿಪ್ಪೆ ತೆಗೆದು, ಉದ್ದಕ್ಕೆ ಸೀಳಿ, ಹಸಿ ಇರುವಾಗಲೇ ಹೆಣೆಯಬೇಕು. ಒಣಗಿತೋ, ಮುರಿಯುತ್ತದೆ.

ಕೆಂಪು ಬಣ್ಣ ಉರುಕುಂ ಬೀಜದ್ದು. ನಮ್ಮ ಕಡೆ ಸಿಂಧೂರದ ಗಿಡ ಅಂತ ಹಿತ್ತಲಲ್ಲಿ ಬೆಳೆಸುತ್ತಾರಲ್ಲ, ಮುಳ್ಳುಮುಳ್ಳು ಕಾಯಿಯದು, ಅದೇ ಗಿಡ. ಅದರ ಮೂಲ ಅಮೆರಿಕ ಖಂಡವೇ, ಇಲ್ಲಿಗೆ ಆಮೇಲೆ ಬಂದದ್ದು. ಯನೊಮಾಮಿ ಜನ ಮೈಗೂ ಅದನ್ನೇ ಬಳಿದುಕೊಳ್ಳುತ್ತಾರೆ, ಬುಟ್ಟಿಗೂ ಅದನ್ನೇ.

ಇನ್ನು ಆ ಕಪ್ಪು ಎಳೆ. ಸರ್, ಅದು ಬಣ್ಣ ಹಾಕಿದ್ದಲ್ಲ. ಬೇರಲ್ಲ, ನಾರೂ ಅಲ್ಲ. ಅದು ಅಣಬೆ!

ಸಿಂಬೆ

ಅಣಬೆಯಾ? ತಿನ್ನೋ ಅಣಬೆಯಾ?

ಕಾಡುಬಳ್ಳಿ

ಛತ್ರಿಯ ಭಾಗ ಅಲ್ಲ ಅಕ್ಕ. ಕಾಡಿನ ನೆಲದಲ್ಲಿ ಕೊಳೆಯುವ ಎಲೆಗಳ ನಡುವೆ ಅಣಬೆಯೊಂದು ದಾರದ ಹಾಗೆ ಹರಡುತ್ತದೆ. ಕುದುರೆ ಬಾಲದ ಕೂದಲಿನಷ್ಟು ದಪ್ಪ, ಕಡುಕಪ್ಪು, ಹೊಳಪು. ಗಟ್ಟಿಯೂ ಇದೆ, ನೀರಿಗೆ ಬೇಗ ಕೆಡುವುದೂ ಇಲ್ಲ. ಯನೊಮಾಮಿ ಹೆಂಗಸರು ಇದಕ್ಕೆ 'ಪೆರಿಸಿ' ಅನ್ನುತ್ತಾರೆ. ತರಗೆಲೆ ಸರಿಸಿ, ಒಂದೊಂದೇ ಎಳೆ ಬಿಡಿಸಿ, ಶುಚಿ ಮಾಡಿ ಬುಟ್ಟಿಯಲ್ಲಿ ಸುತ್ತುತ್ತಾರೆ. ಮಾತುರಾಕಾ ಕಡೆಯ ಬುಟ್ಟಿಗಳ ಗುರುತೇ ಈ ಕಪ್ಪು ಎಳೆ. ವಿಜ್ಞಾನಿಗಳು ಆ ಹೆಂಗಸರ ಜೊತೆ ಸೇರಿ ಅಧ್ಯಯನ ಮಾಡಿದ ಮೇಲೆ ಅದಕ್ಕೆ ಮರಾಸ್ಮಿಯಸ್ ಯನೊಮಾಮಿ ಅಂತ ಹೆಸರು ಬಂತು. ಹೆಣೆಯುವವರಿಗೆ ತಲೆಮಾರುಗಳಿಂದ ಗೊತ್ತಿದ್ದದ್ದು ವಿಜ್ಞಾನದ ಪುಸ್ತಕಕ್ಕೆ ಬಂದದ್ದು ಈಚೆಗೆ.

ಮಕ್ಕಳ ಬುಟ್ಟಿಯಲ್ಲೂ ಪೆರಿಸಿ ಹಾಕಿದ್ದಾರೆ ನೋಡಿ. ಹೇಗಿದ್ದರೂ ಒಂದೆರಡು ವರ್ಷಕ್ಕೆ ಚಿಕ್ಕದಾಗುವ ಬುಟ್ಟಿ, ಅಷ್ಟು ಕಷ್ಟಪಟ್ಟು ಹುಡುಕಿದ ಎಳೆಯನ್ನು ಅದಕ್ಕೂ ಕೊಟ್ಟಿದ್ದಾರೆ. ನನಗೆ ಅದೇ ತುಂಬ ಇಷ್ಟವಾಯಿತು.

ಅಂಗನವಾಡಿ ಟೀಚರ್

ಹೆಣ್ಣುಮಕ್ಕಳಿಗೆ ಮಾತ್ರವಾ? ಗಂಡುಮಕ್ಕಳು ಹೆಣೆಯಲ್ವಾ?

ನದಿದಂಡೆ

ಯನೊಮಾಮಿ ಗಂಡುಮಕ್ಕಳ ಕೈಗೆ ಚಿಕ್ಕ ಬಿಲ್ಲು-ಬಾಣ ಬರುತ್ತದೆ, ಹಲ್ಲಿ-ಓತಿಗೆ ಗುರಿ ಇಡುತ್ತಾ ಓಡಾಡುತ್ತಾರೆ. ಗಂಡಸರು ಕಾಡಿನಲ್ಲಿ ಬೇಟೆ ಸಿಕ್ಕಾಗ ತಾಳೆಯ ಗರಿ ಕಡಿದು, ನಿಂತಲ್ಲೇ ಬುಟ್ಟಿ ಮಾಡಿ, ಮಾಂಸ ಹೊತ್ತು ತಂದು, ಬುಟ್ಟಿಯನ್ನು ಬಿಸಾಡುತ್ತಾರೆ. ಉಳಿಯುವ ಬುಟ್ಟಿ ಹೆಂಗಸರದ್ದೇ.

ಆದರೆ ಅಮೆಜಾನ್ ಅಂದರೆ ಒಂದೇ ಜನ ಅಲ್ಲ. ಪಶ್ಚಿಮಕ್ಕೆ ರಿಯೊ ನೆಗ್ರೊ ನದಿಯ ಮೇಲ್ಭಾಗ, ಇಸಾನಾ ನದಿಯ ದಂಡೆಯಲ್ಲಿ ಬನಿವಾ ಜನ ಇದ್ದಾರೆ. ಅಲ್ಲಿ ಹೆಣೆಯುವವರು ಗಂಡಸರು, ಬಳಸುವವರು ಹೆಂಗಸರು. ಅವರದ್ದು ಬಳ್ಳಿಯಲ್ಲ, ಅರುಮಾ ಅನ್ನುವ ಜೌಗು ನೆಲದ ಗಿಡದ ಕಾಂಡ. ಹುಡುಗರಿಗೆ ದೀಕ್ಷೆ ಕೊಡುವ ಕಾಲದಲ್ಲಿ ಹೆಣಿಗೆ ಕಲಿಸುವುದು ಅವರ ಹಳೆಯ ಪದ್ಧತಿ. ಯನೊಮಾಮಿಗಳ ಪಕ್ಕದ ಯೆಕ್ವಾನ ಜನರಲ್ಲಿ ಕೆಲಸ ಹಂಚಿಹೋಗಿದೆ: ಬೆನ್ನಿಗೆ ಹೊರುವ ಬುಟ್ಟಿ 'ವುವಾ' ಹೆಂಗಸರದು, ಚಿತ್ರ ಮೂಡಿಸುವ ದುಂಡನೆಯ ತಟ್ಟೆ 'ವಾಹಾ' ಗಂಡಸರದು.

ಇನ್ನೊಂದು ಕಥೆ ಹೇಳದಿದ್ದರೆ ನನಗೆ ನಿದ್ದೆ ಬರಲ್ಲ. ಉತ್ತರದ ಪಾರು ನದಿಯ ದಂಡೆಯಲ್ಲಿ ವಯಾನಾ, ಅಪಲಾಯಿ ಅಂತ ಎರಡು ಜನ. ಹಿಂದೆ ಆ ನದಿಯಲ್ಲಿ ತುಲುಪೆರೆ ಅನ್ನುವ ಭಯಂಕರ ಹಾವು ಇತ್ತಂತೆ. ದೋಣಿ ಮಗುಚಿ ಜನರನ್ನು ನುಂಗುತ್ತಿತ್ತಂತೆ. ಎರಡೂ ಕಡೆಯವರು ಸೇರಿ ಬಾಣ ಬಿಟ್ಟು ಕೊಂದರು. ಸತ್ತು ತೇಲಿದಾಗ ನೋಡಿದರೆ ಅದರ ಚರ್ಮದ ತುಂಬ ಚಿತ್ತಾರ! ಅದನ್ನೇ ನೋಡಿಕೊಂಡು ಬುಟ್ಟಿ ಮೇಲೆ ಹೆಣೆದರು. ಅವರ ಬುಟ್ಟಿಯ ಚಿತ್ತಾರ ಇವತ್ತಿಗೂ ಆ ಹಾವಿನ ಚರ್ಮವೇ. ಮರಗೆಣಸು ಹಿಂಡುವ ಸಾಧನವೊಂದಿದೆ, ತಿಪಿತಿ, ಆಳುದ್ದದ ಹೆಣೆದ ಕೊಳವೆ. ತುರಿದ ಕಹಿ ಮರಗೆಣಸನ್ನು ಅದಕ್ಕೆ ತುರುಕಿ, ಮೇಲೆ ತೊಲೆಗೆ ನೇತುಹಾಕಿ, ಕೆಳಗಿನ ಕುಣಿಕೆಗೆ ಕೋಲು ಹಾಕಿ ಕೂತರೆ ಕೊಳವೆ ಉದ್ದವಾಗುತ್ತಾ ಸಪೂರವಾಗುತ್ತದೆ, ವಿಷದ ರಸ ತೊಟ್ಟಿಕ್ಕುತ್ತದೆ. ಮಕ್ಕಳಿಗೆ ಆ ಕೋಲಿನ ಮೇಲೆ ಕೂರುವುದೆಂದರೆ ಜೋಕಾಲಿ ಸಿಕ್ಕ ಹಾಗೆ.

ಮೇದಾರ ಕೇರಿ

ತಿಪಿತಿಯ ಫೋಟೋ ಹುಡುಕಿ ನೋಡಿದೆ ಮೇಡಂ. ಓರೆ ಹೆಣಿಗೆ. ಅದಕ್ಕೇ ಎಳೆದರೆ ಹಿಗ್ಗುತ್ತದೆ, ಒತ್ತಿದರೆ ದಪ್ಪಗಾಗುತ್ತದೆ. ಮೊಳೆ ಇಲ್ಲ, ಕಬ್ಬಿಣ ಇಲ್ಲ. ಯಾರು ಮೊದಲು ಯೋಚನೆ ಮಾಡಿದರೋ, ಅವರಿಗೆ ಕೈ ಮುಗಿಯಬೇಕು.

ಹೊಸಬ, ಬೆಂಗಳೂರು

ಬುಟ್ಟಿ ತುಂಬಾ ಚೆನ್ನಾಗಿದೆ ಸರ್. ಮಗಳ ಹುಟ್ಟುಹಬ್ಬಕ್ಕೆ ಇಂಥದ್ದು ತರಿಸಬೇಕು ಅಂತ ಆಸೆ. ಆನ್‌ಲೈನ್‌ನಲ್ಲಿ ಸಿಗುತ್ತಾ?

ನದಿದಂಡೆ

ಸಿಗಬಹುದು. ಆದರೆ ಯಾರ ಕೈಯಿಂದ ಬರುತ್ತದೆ ಅನ್ನುವುದನ್ನು ನೋಡಿ. ಮಾತುರಾಕಾದ ಹೆಂಗಸರು ತಮ್ಮದೇ ಸಂಘ ಕಟ್ಟಿಕೊಂಡು ಬುಟ್ಟಿ ಮಾರುತ್ತಾರೆ. ಬನಿವಾ ಜನರೂ ತಮ್ಮ ಸಂಘದ ಮೂಲಕವೇ ದೊಡ್ಡ ಪೇಟೆಗಳಿಗೆ ಕಳಿಸಿದ್ದಾರೆ. ಅಂಥಲ್ಲಿ ಕೊಂಡರೆ ದುಡ್ಡು ಹೆಣೆದವರಿಗೆ ಹೋಗುತ್ತದೆ. ಅವರಿಗೆ ಉಪ್ಪು, ಸೋಪು, ಮಚ್ಚು, ಪಾತ್ರೆ ಕೊಳ್ಳಲು ಅದು ಮರ್ಯಾದೆಯ ದಾರಿ. ಆ ಕಾಡಿನಲ್ಲಿ ದುಡ್ಡಿನ ಇನ್ನೊಂದು ದಾರಿ ಚಿನ್ನದ ಗಣಿಯವರದ್ದು. ಅದು ಏನು ಮಾಡಿದೆ ಅನ್ನುವುದು ಗೊತ್ತೇ ಇದೆಯಲ್ಲ.

ಸಿಂಬೆ

ನನಗೆ ಗೊತ್ತಿಲ್ಲ. ಹೇಳಿ.

ನದಿದಂಡೆ

ಹೇಳುತ್ತೇನೆ ಅಕ್ಕ. ಬ್ರೆಜಿಲ್‌ನಲ್ಲಿ ಯನೊಮಾಮಿಗಳ ನೆಲ ಸುಮಾರು 96 ಲಕ್ಷ ಹೆಕ್ಟೇರ್. ಅದು ಅವರದ್ದೇ ಅಂತ ಸರ್ಕಾರ 1992ರಲ್ಲಿ ಅಧಿಕೃತವಾಗಿ ಒಪ್ಪಿತು. ಯನೊಮಾಮಿ ನಾಯಕ ದಾವಿ ಕೊಪೆನಾವಾ ಅಂಥವರು ವರ್ಷಗಟ್ಟಲೆ ಹೋರಾಡಿದ್ದರ ಫಲ. ಆದರೂ ಕಳ್ಳ ಗಣಿಯವರು ಸಾವಿರಗಟ್ಟಲೆ ನುಗ್ಗಿದರು. ಚಿನ್ನ ಬೇರ್ಪಡಿಸಲು ಪಾದರಸ ಹಾಕುತ್ತಾರೆ, ಅದು ಹೊಳೆಗೆ, ಹೊಳೆಯಿಂದ ಮೀನಿಗೆ, ಮೀನಿನಿಂದ ಮಕ್ಕಳ ಮೈಗೆ. ಅಗೆದ ಗುಂಡಿಗಳಲ್ಲಿ ನೀರು ನಿಂತು ಮಲೇರಿಯಾ. ಅಮ್ಮ ಜ್ವರದಲ್ಲಿ ಮಲಗಿದರೆ ತೋಟಕ್ಕೆ ಹೋಗುವವರಿಲ್ಲ, ತೋಟಕ್ಕೆ ಹೋಗದಿದ್ದರೆ ಮನೆಯಲ್ಲಿ ಮರಗೆಣಸಿಲ್ಲ. ಜನವರಿ 2023ರಲ್ಲಿ ಬ್ರೆಜಿಲ್ ಸರ್ಕಾರ ಅಲ್ಲಿ ಆರೋಗ್ಯ ತುರ್ತುಸ್ಥಿತಿ ಘೋಷಿಸಿತು. ಅದಕ್ಕೂ ಹಿಂದಿನ ನಾಲ್ಕು ವರ್ಷದಲ್ಲಿ, ತಡೆಯಬಹುದಾಗಿದ್ದ ಕಾರಣಗಳಿಂದ ತೀರಿಕೊಂಡ ಐದು ವರ್ಷದೊಳಗಿನ ಮಕ್ಕಳು ಸುಮಾರು 570 ಅಂತ ಆಗ ವರದಿಯಾಯಿತು.

ಈ ಸಂಖ್ಯೆ ಬರೆಯುವಾಗ ನನಗೆ ಪ್ರತಿ ಸಲವೂ ಖಾಲಿ ವೀ ಕಣ್ಣ ಮುಂದೆ ಬರುತ್ತದೆ.

ಗುಬ್ಬಿಗೂಡು

ಇದನ್ನು ಓದಿ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಕೇಳುವುದಕ್ಕೇ ಭಯವಾಗುತ್ತದೆ, ಆದರೂ ಕೇಳುತ್ತೇನೆ. ನನ್ನ ಹತ್ತಿರ ಇರುವುದು ಬಳಸಿದ ಬುಟ್ಟಿ. ಪಟ್ಟಿ ಸವೆದಿದೆ. ಒಂದು ವೇಳೆ ಈ ಬುಟ್ಟಿಯ ಮಗು ಅವರಲ್ಲಿ ಒಬ್ಬಳಾಗಿದ್ದರೆ? ತೀರಿಕೊಂಡ ಮಗುವಿನದ್ದನ್ನು ಮಾರಿರಬಹುದಾ?

ನದಿದಂಡೆ

ಇಲ್ಲ ಸರ್. ಹಾಗಿರಲಾರದು, ಯಾಕೆ ಅಂತ ಹೇಳುತ್ತೇನೆ ಕೇಳಿ.

ಯನೊಮಾಮಿಗಳಲ್ಲಿ ಯಾರಾದರೂ ತೀರಿಕೊಂಡರೆ ಅವರ ಹೆಸರನ್ನು ಮತ್ತೆ ಎತ್ತುವುದಿಲ್ಲ. ಅವರ ವಸ್ತುಗಳನ್ನು ಇಟ್ಟುಕೊಳ್ಳುವುದಿಲ್ಲ, ಕೊಡುವುದಿಲ್ಲ, ಸುಟ್ಟುಬಿಡುತ್ತಾರೆ. ಬಿಲ್ಲು, ಜೋಲಿಮಂಚ, ಬುಟ್ಟಿ, ಎಲ್ಲವೂ. ಅವರ ಗುರುತು ಉಳಿದರೆ ಉಳಿದವರ ದುಃಖ ಆರುವುದಿಲ್ಲ ಅನ್ನುವುದು ಅವರ ನಂಬಿಕೆ. ತೀರಿಕೊಂಡವರ ಫೋಟೋ ಸಹ ಇಟ್ಟುಕೊಳ್ಳಲು ಒಪ್ಪದವರಿದ್ದಾರೆ. ತೀರಿಕೊಂಡ ಮಗುವಿನ ವೀಯನ್ನು ಒಬ್ಬ ತಾಯಿ ಅಂಗಡಿಗೆ ಕಳಿಸುವುದು ನನಗೆ ಊಹಿಸಲೂ ಆಗುವುದಿಲ್ಲ.

ನಿಮ್ಮ ಕೈಗೆ ಈ ಬುಟ್ಟಿ ಬಂದಿದೆ ಅಂದರೆ ಅದು ಅವಳಿಗೆ ಚಿಕ್ಕದಾಯಿತು. ಅಷ್ಟೇ. ಹಣೆ ದೊಡ್ಡದಾಯಿತು, ಬೆನ್ನು ಅಗಲವಾಯಿತು, ಅಮ್ಮನೋ ಅಜ್ಜಿಯೋ ಮುಂದಿನದ್ದು ಹೆಣೆದು ಕೊಟ್ಟರು. ಹಳೆಯದ್ದನ್ನು ಉಪ್ಪು-ಸೋಪಿಗೆ ಅಂತ ಕಳಿಸಿದರು. ನೀವು ಕಿತ್ತುಕೊಂಡಿಲ್ಲ.

ಸಿಂಬೆ

ದೇವರೇ, ಹಾಗೇ ಇರಲಿ. ಅವಳು ಎಲ್ಲಿದ್ದರೂ ಚೆನ್ನಾಗಿರಲಿ. ಹೊಸ ಬುಟ್ಟಿಯೂ ಅವಳ ಬೆನ್ನಿಗೆ ಹೊಂದಲಿ.

ಮೇದಾರ ಕೇರಿ

ಸರ್, ಒಂದು ಕೆಲಸದ ಮಾತು. ಗಾಜಿನ ಬೀರುವಿನಲ್ಲಿ ಇಡಬೇಡಿ. ಬಳ್ಳಿಗೆ ಗಾಳಿ ಬೇಕು, ಮುಚ್ಚಿಟ್ಟರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ವಾರ್ನಿಷ್ ಗೀರ್ನಿಷ್ ಹೊಡೆಯಬೇಡಿ, ಎಳೆ ಉಸಿರುಗಟ್ಟಿ ಸಿಡಿಯುತ್ತದೆ. ಬಿಸಿಲಿಗೂ ಬೇಡ, ಕೆಂಪು ಹಾರಿಹೋಗುತ್ತದೆ. ನೆರಳಲ್ಲಿ ಗೋಡೆಗೆ ತೂಗುಹಾಕಿ. ತಿಂಗಳಿಗೊಮ್ಮೆ ಒಣಬಟ್ಟೆಯಲ್ಲಿ ಒರೆಸಿ. ತಳದ ಮಣ್ಣು ತೆಗೆಯಬೇಕೋ ಬೇಡವೋ, ಅದು ನಿಮಗೆ ಬಿಟ್ಟದ್ದು.

ಗುಬ್ಬಿಗೂಡು

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ನದಿದಂಡೆ ಮೇಡಂ, ನಿಮ್ಮ ಉತ್ತರವನ್ನು ಮನೆಯವಳಿಗೂ ಓದಿ ಹೇಳಿದೆ, ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆವು.

ಮೇದಾರ ಕೇರಿ ಅಣ್ಣ, ಇವತ್ತು ಬೆಳಿಗ್ಗೆ ಬೀರುವಿನಿಂದ ತೆಗೆದು ಪಡಸಾಲೆಯ ಗೋಡೆಗೆ ಒಂದು ಗೂಟ ಹೊಡೆದು ತೂಗುಹಾಕಿದೆ. ತಳದ ಮಣ್ಣು ಹಾಗೇ ಬಿಟ್ಟಿದ್ದೇನೆ. ಮೊದಲು ಮೇಲೆ, ನನ್ನ ಕಣ್ಣಿನ ಎತ್ತರಕ್ಕೆ ಹೊಡೆದಿದ್ದೆ. ನನ್ನ ಮಗಳಿಗೆ ಐದು ವರ್ಷ. ಬಂದು ನೋಡಿ, 'ಅಪ್ಪ, ಇದು ನನ್ನಷ್ಟು ಇರೋ ಹುಡುಗೀದಲ್ವಾ? ಮತ್ತೆ ಅಷ್ಟು ಮೇಲೆ ಯಾಕೆ?' ಅಂದಳು. ಗೂಟ ಕಿತ್ತು ಕೆಳಗೆ ಹೊಡೆದೆ. ಈಗ ಪಟ್ಟಿ ಸರಿಯಾಗಿ ಅವಳ ಹಣೆಯ ಎತ್ತರಕ್ಕಿದೆ.